ಸಾಲವೇ ಕೈಗೆ ಬಂದಿಲ್ಲ, ಫೀಜು ಯಾಕೆ ಕೊಡಬೇಕು?

ಮನೆ ಕಟ್ಟುವವರಿಗೆ ಈಗ ಬ್ಯಾಂಕು ಹುಡುಕುವ ಕಷ್ಟವಿಲ್ಲ. ಒಂದು ಕಡೆ ಅರ್ಜಿ ಹಾಕಿದರೆ ಸಾಕು, ಇನ್ನೊಂದು ಬ್ಯಾಂಕಿನ ಏಜೆಂಟ್ ಅಂಗಡಿ ಬಾಗಿಲಿಗೇ ಬಂದು ‘ಅಣ್ಣಾರೆ, ನಮ್ಮಲ್ಲಿ ಬಡ್ಡಿ ಕಾಲು ಪರ್ಸೆಂಟ್ ಕಡಿಮೆ’ ಅಂತಾನೆ. ಕಷ್ಟ ಶುರುವಾಗೋದು ಆಮೇಲೆ. ಮೊದಲನೇ ಬ್ಯಾಂಕಿನಲ್ಲಿ ಸಾಲ ಮಂಜೂರಾಗಿದೆ, ಹಣ ಬಿಡುಗಡೆಯಾಗಿಲ್ಲ. ಈಗ ಬಿಟ್ಟು ಹೋದರೆ ಕಟ್ಟಿದ ದುಡ್ಡು ವಾಪಸ್ ಬರುತ್ತದೋ? ಬಾಕಿ ಉಳಿದದ್ದನ್ನು ಕೊಡಲೇಬೇಕೋ?

‘ಬ್ಯಾಂಕು ಬದಲಿಸಿದರೆ ದಂಡವಿಲ್ಲ’ ಎಂದು ಯಾರೋ ಹೇಳಿದ್ದನ್ನು ನಂಬಿ ಧೈರ್ಯವಾಗಿರುವವರು ಬಹಳ. ಮಾತು ಸುಳ್ಳಲ್ಲ. ಬಡ್ಡಿ ದರ ಏರಿಳಿಯುವ, ಅಂದರೆ ಫ್ಲೋಟಿಂಗ್ ದರದ ಮನೆ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕಕೂಡದೆಂದು ರಿಸರ್ವ್ ಬ್ಯಾಂಕ್ 2012ರ ಜೂನ್‌ನಲ್ಲೇ ಬ್ಯಾಂಕುಗಳಿಗೆ ಹೇಳಿತು. ಆದರೆ ಅದು ಪಡೆದ ಸಾಲದ ಮಾತು. ಹಣವೇ ಬಾರದಿದ್ದಾಗ ತೀರಿಸೋದಾದರೂ ಏನನ್ನು? ಅಲ್ಲಿ ದಂಡವೂ ಇಲ್ಲ, ಆ ಆದೇಶದ ಆಸರೆಯೂ ಇಲ್ಲ. ಕಟ್ಟಡ ಏಳುತ್ತಿದ್ದಂತೆ ಹಂತ ಹಂತವಾಗಿ ಬರುವ ಹಣದಲ್ಲಿ ಒಂದು ಪಾಲು ಕೈಸೇರಿದ್ದರೆ ಮಾತ್ರ, ಸೇರಿದಷ್ಟಕ್ಕೆ ಅದು ಸಾಲವೇ.

ಹಾಗಾಗಿ ಜಗಳ ಉಳಿಯೋದು ಪ್ರೊಸೆಸಿಂಗ್ ಫೀಜಿನ ಮೇಲೆ. ಮಂಡಿಪೇಟೆಯ ಅಂಗಡಿಯವರೊಬ್ಬರು 20 ಲಕ್ಷ ಸಾಲಕ್ಕೆ ಅರ್ಜಿ ಹಾಕಿದ್ದಾರೆಂದು ಇಟ್ಟುಕೊಳ್ಳಿ. ಫೀಜು ಅರ್ಧ ಪರ್ಸೆಂಟ್ ಅಂದರೆ 10,000, ಅದರ ಮೇಲೆ 18 ಪರ್ಸೆಂಟ್ ಜಿ.ಎಸ್.ಟಿ. 1,800. ಒಟ್ಟು 11,800 ರೂಪಾಯಿ. 20 ವರ್ಷದ ಅವಧಿಗೆ ಬಡ್ಡಿ ಎಂಟೂವರೆಯಿಂದ ಎಂಟೂಕಾಲಿಗೆ ಇಳಿದರೆ ತಿಂಗಳ ಕಂತಿನಲ್ಲಿ ಉಳಿಯೋದು ಸುಮಾರು 315 ರೂಪಾಯಿ. ಹೊಸ ಬ್ಯಾಂಕೂ ಅಷ್ಟೇ ಫೀಜು ಕೇಳಿದರೆ, ಹಳೆಯದರಲ್ಲಿ ಹೋದ ದುಡ್ಡು ಹುಟ್ಟೋಕೆ ಮೂರು ವರ್ಷ ದಾಟಬೇಕು. ಏಜೆಂಟ್ ಈ ಲೆಕ್ಕ ಹೇಳೋದಿಲ್ಲ. ಹೊಸ ಬ್ಯಾಂಕು ಸಾಮಾನ್ಯವಾಗಿ ಹಳೇ ಬ್ಯಾಂಕಿನ ಲಾಯರು ಕೊಟ್ಟ ವರದಿಯನ್ನೂ ಒಪ್ಪೋದಿಲ್ಲ. ಪತ್ರ ನೋಡೋಕೆ ಮತ್ತೊಬ್ಬ ಲಾಯರು, ಸೈಟು ಅಳೆಯೋಕೆ ಮತ್ತೊಬ್ಬ ಇಂಜಿನಿಯರು.

ಕಟ್ಟಿದ ಫೀಜು ವಾಪಸ್ ಬರುತ್ತದೋ ಇಲ್ಲವೋ ಎಂಬುದು ಅರ್ಜಿಯಲ್ಲೇ ಇರಬೇಕು. ಅರ್ಜಿ ಒಪ್ಪಿಗೆಯಾಗದಿದ್ದರೆ ಎಷ್ಟು ಹಿಂದಿರುಗಿಸುತ್ತೀರೆಂದು ಬರೆಯಿರಿ ಎಂದು ರಿಸರ್ವ್ ಬ್ಯಾಂಕ್ 2003ರಲ್ಲಿ ಸಣ್ಣ ಸಾಲಗಳ ಮಟ್ಟಿಗೆ ಹೇಳಿ, 2007ರಲ್ಲಿ ಎಲ್ಲ ಸಾಲಗಳಿಗೂ ವಿಸ್ತರಿಸಿತು. ಆದರೆ ಮಂಜೂರಾದ ಮೇಲೆ ಗಿರಾಕಿಯೇ ಬೇಡವೆಂದರೆ ಕೊಡಲೇಬೇಕೆಂದು ಅದು ಹೇಳಿಲ್ಲ. ‘ಹಿಂದಿರುಗಿಸಲಾಗದು’ ಎಂಬ ಸಾಲಿನ ಕೆಳಗೆ ಸಹಿ ಬಿದ್ದಿದ್ದರೆ ಆ ದುಡ್ಡಿನ ಆಸೆ ಬಿಡಬೇಕಾಗುತ್ತದೆ. ಲಾಯರು, ಇಂಜಿನಿಯರು ದುಡಿದಿದ್ದಾರೆ, ಅವರ ಕೂಲಿ ಹಿಡಿದುಕೊಂಡರೆ ಯಾರೂ ಬೇಡವೆನ್ನರು. ಮಿಕ್ಕದ್ದನ್ನೂ ನುಂಗೋದು ಯಾವ ಕೆಲಸಕ್ಕೆ?

ಬಾಕಿ ಫೀಜಿನ ಕಥೆ ಬೇರೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆ ಕೊಡಬೇಕು. ಬಡ್ಡಿ, ಫೀಜು, ಇತರೆ ಖರ್ಚು ಎಲ್ಲ ಅದರಲ್ಲಿರಬೇಕು. ಅದರಲ್ಲಿಲ್ಲದ ಚಾರ್ಜನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಹಾಳೆ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದೂ ಆದೇಶವಿದೆ. ದಾವಣಗೆರೆಯಲ್ಲಿ ಕುಳಿತು ಕನ್ನಡದಲ್ಲಿ ಕೊಡಿ ಎಂದರೆ ಮ್ಯಾನೇಜರು ಮುಖ ಸಿಂಡರಿಸುವ ಹಾಗಿಲ್ಲ. ಮಂಜೂರಾದೊಡನೆ ಪೂರ್ತಿ ಫೀಜು ಎಂದು ಅಲ್ಲಿ ಬರೆದಿದ್ದು, ಒಪ್ಪಿ ಸಹಿ ಮಾಡಿದ್ದರೆ ಮಾತ್ರ ಬ್ಯಾಂಕು ಬಾಕಿ ಕೇಳಬಹುದು. ಬರೆಯದಿದ್ದರೆ ‘ಎಲ್ಲಿದೆ ತೋರಿಸಿ’ ಅನ್ನಬಹುದು.

ಇನ್ನೊಂದು ವಿಷಯ ಚೆಕ್ಕಿನದು. ಚೆಕ್ ಬರೆದ ದಿನದಿಂದ ಬಡ್ಡಿ ಎಣಿಸಿ, ಅದನ್ನು ಎಷ್ಟೋ ದಿನ ತಡವಾಗಿ ಕೈಗೆ ಕೊಡುತ್ತಿದ್ದ ಬ್ಯಾಂಕುಗಳಿದ್ದವು. 2024ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಅನ್ಯಾಯವೆಂದು ಹೇಳಿ ಸರಿಪಡಿಸಲು ಸೂಚಿಸಿತು. ಚೆಕ್ ಬ್ಯಾಂಕಿನ ಡ್ರಾಯರಿನಲ್ಲೇ ಇದ್ದು ಗಿರಾಕಿ ಬೇರೆ ಕಡೆ ಹೋದರೆ, ಆ ದಿನಗಳ ಬಡ್ಡಿ ಕೇಳಿದಾಗ ಈ ಆದೇಶ ನೆನಪಿಸಬೇಕು.

ಬಿಟ್ಟು ಹೋಗುವವರು ಸಾಲ ಬೇಡವೆಂದು ಬರೆದುಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಬೇಕು. ಮೂಲ ಪತ್ರ ಕೊಟ್ಟಿದ್ದರೆ ಅಂದೇ ಎಣಿಸಿ ವಾಪಸ್ ತರಬೇಕು. ಲೆಕ್ಕದಲ್ಲಿ ತಕರಾರಿದ್ದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅಲ್ಲಿ ದೂರು ಕೊಡಲು ಫೀಜು ಇಲ್ಲ.