ಕೇಳಿದ್ದು ಕಾವಲು, ಬಂದದ್ದು ದೀಪ

ನಮ್ಮ ಕಡಲತೀರದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ,

ಮಂಗಳೂರಿನ ಈ ತೀರದ ನಿವಾಸಿಗಳಾದ ನಾವು ಜೀವರಕ್ಷಕರು ಬೇಕೆಂದು ಮನವಿ ಕೊಟ್ಟೆವು, ನಿಮ್ಮ ಕಚೇರಿಯ ಮುದ್ರೆ ಬಿದ್ದ ಪ್ರತಿ ನಮ್ಮಲ್ಲಿದೆ. ನೆನಪೋಲೆ ಕಳಿಸಿದೆವು. ಭೇಟಿಗೆ ಬಂದರೆ ಸಾಹೇಬರು ಸಭೆಯಲ್ಲಿದ್ದಾರೆ ಎಂದರು. ಆದ್ದರಿಂದ ಎಲ್ಲರೆದುರು ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದ ಕೊನೆಯಲ್ಲಿ ನಡೆದದ್ದು ಊರಿಗೆಲ್ಲ ಗೊತ್ತು. ಘಟ್ಟದ ಮೇಲಿಂದ ಬಂದ ಕಾಲೇಜು ಹುಡುಗರು ಸೆಳೆತಕ್ಕೆ ಸಿಕ್ಕರು. ಬಲೆ ಸರಿಮಾಡುತ್ತಿದ್ದ ಮೊಗವೀರ ಯುವಕರು ಹಗ್ಗ ಹಿಡಿದು, ಸರ್ಫಿಂಗ್ ಕಲಿಸುವ ಹುಡುಗ ತನ್ನ ಬೋರ್ಡ್ ಹಿಡಿದು ನೀರಿಗೆ ಹಾರಿದರು. ಎಲ್ಲರೂ ಬದುಕಿದರು. ಮರುದಿನ ನೀವು ಬಂದು ಮರಳಿನ ಮೇಲೆ ನಿಂತು ಮಾತು ಕೊಟ್ಟಿರಿ: ಅಕ್ಟೋಬರ್ ಮುಗಿಯುವುದರೊಳಗೆ ಸಂಬಳದ ಜೀವರಕ್ಷಕರು, ವರ್ಷವಿಡೀ.

ಬಂದದ್ದು ಹೈಮಾಸ್ಟ್ ದೀಪ. ಪ್ರವಾಸಿಗರ ಸುರಕ್ಷತೆಗೆ ಎಂದು ಉದ್ಘಾಟನೆಯೂ ಆಯಿತು.

ಸ್ವಾಮಿ, ಆ ಹುಡುಗರು ಸೆಳೆತಕ್ಕೆ ಸಿಕ್ಕಿದ್ದು ಮಧ್ಯಾಹ್ನದ ಬಿಸಿಲಿನಲ್ಲಿ. ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳ ದಿಬ್ಬಗಳ ಸಂದಿಯಿಂದ ರಭಸವಾಗಿ ಹಿಂದಕ್ಕೆ ಹರಿಯುತ್ತದೆ. ಆ ಸಂದಿಯಲ್ಲಿ ಅಲೆ ಒಡೆಯುವುದು ಕಡಿಮೆ, ಹಾಗಾಗಿ ಹೊಸಬರ ಕಣ್ಣಿಗೆ ಅದೇ ಶಾಂತವಾದ ಜಾಗ. ಮಕ್ಕಳ ಕೈಹಿಡಿದು ಅಲ್ಲಿಗೇ ಇಳಿಯುತ್ತಾರೆ. ಸರ್ಫಿಂಗ್‌ನವರು ಗುರುತು ಬಲ್ಲವರು, ಅದೇ ಸೆಳೆತದಲ್ಲಿ ಸಲೀಸಾಗಿ ಆಚೆ ಹೋಗುತ್ತಾರೆ. ಸಿಕ್ಕಿಬಿದ್ದವನು ದಡದತ್ತ ಎದುರು ಈಜಿ ಸೋಲಬಾರದು, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಹೊರಬರಬೇಕು. ಇದನ್ನು ಕೂಗಿ ಹೇಳುವುದಕ್ಕೆ ಮನುಷ್ಯ ಬೇಕು. ಅಳಿವೆಯ ಹತ್ತಿರ ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ಒಮ್ಮೆ ನೆಟ್ಟ ಫಲಕವೂ ಅಲ್ಲಿ ಸಾಲದು.

ಈಗ ದೀಪದ ಬೆಳಕಿದೆಯೆಂದು ಜನ ಕತ್ತಲಾದ ಮೇಲೂ ನೀರಿನಲ್ಲಿರುತ್ತಾರೆ. ಮೊದಲು ಸೂರ್ಯ ಮುಳುಗಿದರೆ ಏಳುತ್ತಿದ್ದರು.

ಈ ದೀಪದ ಇನ್ನೊಂದು ಅನ್ಯಾಯವನ್ನು ನಿಮಗೆ ಮೊದಲೇ ತಿಳಿಸಿದ್ದೆವು. 2024ರ ಆರಂಭದಲ್ಲಿ ಸಸಿಹಿತ್ಲು, ತಣ್ಣೀರುಬಾವಿ ಕಡೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಟ್ಟಾಗ ಈ ಕರಾವಳಿಯೇ ಸಂಭ್ರಮಿಸಿತು. ಒಂದು ಗೂಡಿನಲ್ಲಿ ನೂರರ ಆಸುಪಾಸಿನ ಮೊಟ್ಟೆ. ಮರಿಯಾಗಲು 45ರಿಂದ 60 ದಿನ. ರಾತ್ರಿ ಮರಳಿನಿಂದೆದ್ದ ಮರಿ ಕಡಲ ಮೇಲಿನ ಮಸುಕು ಬೆಳಕನ್ನು ನಂಬಿ ಹೊರಡುತ್ತದೆ. ಅದಕ್ಕಿಂತ ಪ್ರಖರವಾದ ದೀಪ ಹಿಂದೆ ಉರಿದರೆ ರಸ್ತೆಯತ್ತ ತೆವಳುತ್ತದೆ, ನಾಯಿಗಳ ಬಾಯಿಗೆ ಬೀಳುತ್ತದೆ. ಮೊಟ್ಟೆಯಿಡಲು ಬಂದ ತಾಯಿ ಬೆಳಕು ಕಂಡು ತಿರುಗಿ ಹೋಗುವುದೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು. ದೀಪಕ್ಕೆ ಮುಸುಕು ಹಾಕಿ, ಮೊಟ್ಟೆಯ ಕಾಲದಲ್ಲಿ ಬೇಗ ಆರಿಸಿ ಎಂದೆವು. ಉತ್ತರವಿಲ್ಲ.

ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ 2016ರಲ್ಲಿ ಸಸಿಹಿತ್ಲಿಗೆ, 2022ರಲ್ಲಿ ಪಣಂಬೂರಿಗೆ ಬಂತು. ನಮಗೂ ಹೆಮ್ಮೆಯೇ, ನನ್ನ ಮಗಳೂ ಅಲೆಯ ಮೇಲೆ ನಿಲ್ಲಲು ಕಲಿತಿದ್ದಾಳೆ. ಆದರೆ ಬನ್ನಿ ಬನ್ನಿ ಎಂದು ಜನರನ್ನು ಕರೆದವರು ಅವರನ್ನು ಕಾಯುವ ಖರ್ಚನ್ನೂ ಹೊರಬೇಕಲ್ಲವೆ? ಸೆಲ್ಫಿ ಕಟ್ಟೆಗೆ ಹಣವಿದೆ, ಕಾರುಗಳು ಮರಳಿನ ಮೇಲೇ ಓಡಲು ದಾರಿಯಿದೆ, ಶೌಚಾಲಯಕ್ಕೆ ಬೀಗವಿದೆ. ಕಡಲ್ಕೊರೆತಕ್ಕೆ ಪ್ರತಿ ವರ್ಷ ಕಲ್ಲು ಸುರಿಯುತ್ತೀರಿ, ನಮ್ಮ ಮನೆಗಳು ಇನ್ನೂ ನೀರಿನ ಬಾಯಲ್ಲೇ ಇವೆ. ಗುದ್ದಲಿಪೂಜೆಗೋ ಉದ್ಘಾಟನೆಗೋ ಒದಗದ ಯಾವ ಕೆಲಸವೂ ಈ ಕರಾವಳಿಯಲ್ಲಿ ಆಗುವುದಿಲ್ಲವೆ?

ಇದೆಲ್ಲಕ್ಕಿಂತ ಸುಡುವುದು ನಿಮ್ಮ ಒಂದು ಮಾತು. ಜೀವರಕ್ಷಕರು ಎಲ್ಲಿ ಎಂದು ಉದ್ಘಾಟನೆಯ ದಿನ ನಮ್ಮ ಹುಡುಗರು ಕೇಳಿದಾಗ, "ನೀವು ಹೇಗೂ ಇದ್ದೀರಲ್ಲ, ನೋಡಿಕೊಳ್ಳಿ" ಎಂದಿರಿ. ಹೌದು, ಇದ್ದಾರೆ. ಅವರು ಮೀನಿಗೆ ಹೋದ ದಿನ ಯಾರಿರುತ್ತಾರೆ? ಹಗ್ಗ ಅವರದು, ದೋಣಿಯ ಡೀಸೆಲ್ ಅವರದು, ಜೀವವೂ ಅವರದು. ಹೆಣ ಎತ್ತಲು ಕೂಡ ಮೊದಲ ಕರೆ ಬರುವುದು ಅವರಿಗೇ. ಅವರಿಗೆ ವಿಮೆಯಿಲ್ಲ, ಒಂದು ಲೈಫ್ ಜಾಕೆಟ್ ಕೊಟ್ಟವರಿಲ್ಲ. ಕಡಲಿನ ಮಕ್ಕಳ ದಾಕ್ಷಿಣ್ಯವನ್ನು ನಿಮ್ಮ ಇಲಾಖೆಯ ಉಳಿತಾಯ ಮಾಡಿಕೊಂಡಿದ್ದೀರಿ.

ಪರಿಶೀಲನೆಯಲ್ಲಿದೆ ಎಂಬ ಪತ್ರ ಬೇಡ. ನಮ್ಮ ಹುಡುಗರನ್ನೇ ಕರೆದು ತರಬೇತಿ ಕೊಡಿ, ಸಂಬಳ ಕೊಡಿ. ಯಾವ ತಾರೀಖಿನಿಂದ ಎಂಬುದನ್ನು ಬರೆದು, ಕೆಳಗೆ ನಿಮ್ಮ ಸಹಿ ಹಾಕಿ. ನೀವು ಹೇಳಿದ ಅಕ್ಟೋಬರ್ ಕಳೆದುಹೋಗಿದೆ.

ಇತಿ,
ತೀರದ ಒಬ್ಬ ನಿವಾಸಿ