ಒರೆಗಲ್ಲು ಯಾರ ಕೈಯಲ್ಲಿ?

೨೦೨೫ನೆಯ ಇಸವಿ ಸೆಪ್ಟೆಂಬರ್ ೨ರಂದು ದಿಲ್ಲಿಯಲ್ಲಿ ನೆರೆದ ಸೆಮಿಕಂಡಕ್ಟರ್ ಸಮ್ಮೇಲನದಲ್ಲಿ 'ವಿಕ್ರಮ್ ೩೨೦೧' ಎಂಬ ಚಿಪ್ಪನ್ನು ಪ್ರಧಾನಮಂತ್ರಿಗಳಿಗೆ ಅರ್ಪಿಸಿದ ಸಮಾಚಾರವು ನಮ್ಮ ವಾಚಕರಿಗೆ ವಿದಿತವೇ ಆಗಿದೆ. ರಾಕೆಟ್ಟುಗಳನ್ನು ನಡೆಯಿಸುವುದಕ್ಕಾಗಿ ಇಸ್ರೋ ಸಂಸ್ಥೆಯ ತಿರುವನಂತಪುರದ ಕೇಂದ್ರದವರು ರಚಿಸಿ, ಪಂಜಾಬಿನ ಮೊಹಾಲಿಯ ಸರಕಾರಿ ಕಾರ್ಖಾನೆಯಲ್ಲಿ ತಯಾರಾದ ಈ ಪುಟ್ಟ ಮಿದುಳನ್ನು ಕುರಿತು ದೇಶದಲ್ಲೆಲ್ಲ ಹರ್ಷವು ವ್ಯಕ್ತವಾಯಿತು. ಅದು ಯೋಗ್ಯವಾದ ಹರ್ಷವೇ ಸರಿ. ಆದರೆ ಹೊಗಳಿಕೆಯೆಲ್ಲವೂ ರಚನೆಗೆ ಸಂದಿತೇ ಹೊರತು, ಸೊನ್ನೆಗಿಂತ ೫೫ ಡಿಗ್ರಿ ಕೆಳಗಿನ ಶೈತ್ಯದಿಂದ ೧೨೫ ಡಿಗ್ರಿ ಉಷ್ಣದವರೆಗೆ ಅದು ತಪ್ಪದೆ ದುಡಿಯುವುದೆಂದು ನಿಶ್ಚಯಿಸಿ, ಪಿಎಸ್‌ಎಲ್‌ವಿ-ಸಿ೬೦ ಯಾನದಲ್ಲಿ ಆಕಾಶಕ್ಕೇ ಒಯ್ದು ನೋಡಿ, ಆಮೇಲೆ 'ಇದು ಯೋಗ್ಯ' ಎಂದವರ ಮಾತನ್ನು ಎತ್ತಿದವರು ವಿರಳ. ಈ ಮರೆವು ಕೇವಲ ವರ್ತಮಾನ ಪತ್ರಗಳದ್ದಾಗಿದ್ದರೆ ನಾವು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಅದು ನಮ್ಮ ಯೋಜನೆಗಳಲ್ಲಿಯೂ ವಿದ್ಯಾಶಾಲೆಗಳಲ್ಲಿಯೂ ವ್ಯಾಪಿಸಿದೆಯೆಂಬುದೇ ನಮ್ಮ ಆಕ್ಷೇಪಣೆ.

ಹಿಂದಿನ ಪೇಟೆಗಳಲ್ಲಿ ಅಕ್ಕಸಾಲೆಯ ಅಂಗಡಿಯಷ್ಟೇ ಚಿನಿವಾರನ ಕಟ್ಟೆಯೂ ಮುಖ್ಯವಾಗಿತ್ತು. ಒಡವೆ ಮಾಡುವವನು ಒಬ್ಬ. ಅದನ್ನು ಒರೆಗೆ ಹಚ್ಚಿ ಬೆಲೆ ಕಟ್ಟುವವನು ಇನ್ನೊಬ್ಬ. ಚಿನಿವಾರನಿಲ್ಲದ ಪೇಟೆಯಲ್ಲಿ ಅಪ್ಪಟ ಬಂಗಾರವೂ ಪರಸ್ಥಳದವನು ಹೇಳಿದ ಬೆಲೆಗೆ ಹೋಗುತ್ತಿತ್ತು. ಚಿಪ್ಪುಗಳ ಉದ್ಯಮದಲ್ಲಿ ನಮ್ಮ ದೇಶವು ಅಕ್ಕಸಾಲೆಗಳನ್ನು ಹೇರಳವಾಗಿ ಬೆಳೆಸಿಕೊಂಡಿದೆ. ಜಗತ್ತಿನ ಚಿಪ್ ರಚನಾಕಾರರಲ್ಲಿ ಐವರಿಗೊಬ್ಬನು ಭಾರತೀಯನೆಂದು ಸರಕಾರದವರು ಹೆಮ್ಮೆಯಿಂದ ಹೇಳುತ್ತ ಬಂದಿದ್ದಾರೆ. ಒರೆಗಲ್ಲು ಮಾತ್ರ ಬಹುಮಟ್ಟಿಗೆ ಪರರ ಕೈಯಲ್ಲಿದೆ. ಪರೀಕ್ಷಾಯಂತ್ರಗಳನ್ನು ಮಾಡಿ ಮಾರುವವರಲ್ಲಿ ಜಪಾನಿನ ಅಡ್ವಾಂಟೆಸ್ಟ್ ಮತ್ತು ಅಮೆರಿಕದ ಟೆರಡೈನ್ ಎಂಬ ಎರಡು ಕಂಪೆನಿಗಳೇ ಅಗ್ರಗಣ್ಯವಾಗಿವೆ. ಅಂಥ ಯಂತ್ರವೊಂದರ ಬೆಲೆಯು ಕೋಟಿಗಳಲ್ಲಿ ಎಣಿಸತಕ್ಕದ್ದು.

ಪರೀಕ್ಷೆಯೆಂಬುದರಲ್ಲಿ ಎರಡು ಬಗೆಗಳುಂಟು. ರಚನೆಯೇ ಸರಿಯಾಗಿದೆಯೇ ಎಂದು ತಾಳೆ ನೋಡುವುದು ಒಂದು. ಸರಿಯಾದ ರಚನೆಯಂತೆ ತಯಾರಾದ ಪ್ರತಿಯೊಂದು ಬಿಡಿಯೂ ಸರಿಯಾಗಿದೆಯೇ ಎಂದು ನೋಡುವುದು ಮತ್ತೊಂದು. ಮೊದಲನೆಯದರಲ್ಲಿ ಎಡವಿದರೆ ಏನಾಗುವುದೆಂಬುದಕ್ಕೆ ೧೯೯೪ರ ದೃಷ್ಟಾಂತವಿದೆ. ಅಮೆರಿಕದ ವರ್ಜೀನಿಯಾ ಪ್ರಾಂತದ ಥಾಮಸ್ ನೈಸ್ಲಿ ಎಂಬ ಗಣಿತಾಧ್ಯಾಪಕರು ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ ತೊಡಗಿದ್ದಾಗ, ಇಂಟೆಲ್ ಕಂಪೆನಿಯ ಪೆಂಟಿಯಂ ಚಿಪ್ಪು ಭಾಗಾಕಾರದಲ್ಲಿ ತಪ್ಪು ಮಾಡುವುದನ್ನು ಕಂಡುಕೊಂಡರು. ಭಾಗಾಕಾರಕ್ಕಾಗಿ ಒಳಗಿರಿಸಿದ್ದ ೧,೦೬೬ ಅಂಕಗಳ ಕೋಷ್ಟಕದಲ್ಲಿ ಐದು ಬಿಟ್ಟುಹೋಗಿದ್ದವು. ಐದೇ ಐದು! ಕಂಪೆನಿಯವರು ಮೊದಮೊದಲು ಇದು ಸಾಮಾನ್ಯ ಜನರಿಗೆ ತಟ್ಟುವ ತಪ್ಪಲ್ಲವೆಂದು ಸಮಾಧಾನ ಹೇಳಿ, ಕೊನೆಗೆ ಕೇಳಿದವರಿಗೆಲ್ಲ ಚಿಪ್ಪನ್ನು ಬದಲಾಯಿಸಿಕೊಡಲು ಒಪ್ಪಿ, ೪೭ ಕೋಟಿ ೫೦ ಲಕ್ಷ ಡಾಲರುಗಳನ್ನು ನಷ್ಟದ ಬಾಬಿಗೆ ಬರೆದುಕೊಂಡರು. (ಚಿಪ್ಪು ಎಂದೊಡನೆ ಕನ್ನಡಿಗನಿಗೆ ತೆಂಗಿನ ಚಿಪ್ಪೇ ನೆನಪಾಗುವುದು, ಪರೀಕ್ಷೆಯನ್ನು ಉದಾಸೀನ ಮಾಡಿದವನ ಕೈಗೆ ಕಡೆಗೆ ಬರುವುದೂ ಅದೇ.)

ಎರಡನೆಯ ಬಗೆಯು ಇನ್ನೂ ಕಠಿನವಾದದ್ದು. ಎಲ್ಲವನ್ನೂ ಒಂದೊಂದಾಗಿ ನೋಡಿಬಿಟ್ಟರಾಯಿತಲ್ಲವೇ ಎಂದು ಕೇಳುವ ಅಧಿಕಾರಿಗಳಿಗಾಗಿ ಒಂದು ಲೆಕ್ಕವನ್ನು ಮುಂದಿಡುತ್ತೇವೆ. ತಲಾ ೩೨ ದ್ವಿಮಾನ ಸ್ಥಾನಗಳುಳ್ಳ ಎರಡು ಸಂಖ್ಯೆಗಳನ್ನು ಕೂಡಿಸುವ ಒಂದು ವಿದ್ಯುನ್ಮಂಡಲವಿದೆಯೆನ್ನೋಣ. ಚಿಪ್ಪಿನೊಳಗೆ ಇದೊಂದು ಮೂಲೆಯೂ ಅಲ್ಲ. ಇದಕ್ಕೆ ಒಡ್ಡಬಹುದಾದ ಬೇರೆ ಬೇರೆ ಲೆಕ್ಕಗಳ ಸಂಖ್ಯೆಯು ಎರಡನ್ನು ಅರುವತ್ತನಾಲ್ಕು ಸಲ ಗುಣಿಸಿದಷ್ಟು. ಸೆಕೆಂಡಿಗೆ ನೂರು ಕೋಟಿಯಂತೆ ಎಡೆಬಿಡದೆ ಕೇಳುತ್ತ ಹೋದರೂ ಮುಗಿಯಲು ಸುಮಾರು ೫೮೫ ವರ್ಷಗಳು ಬೇಕು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಆರಂಭಿಸಿದ್ದರೆ ಈಗ ಮುಗಿಯುತ್ತಿತ್ತು! ಆದರೆ ಒಂದು ಕಾಲಕ್ಕೆ ಒಂದೇ ಕೋಶವು ಕೆಟ್ಟಿರಬಹುದೆಂದು ಭಾವಿಸಿ, ದೋಷವು ಹೇಗೆ ತೋರುವುದೆಂದು ಯೋಚಿಸಿ ಪ್ರಶ್ನೆಗಳನ್ನು ಆರಿಸಿದರೆ, ಕೈಬದಲಿನ ಸರಳ ಕ್ರಮದಿಂದ ಕೂಡಿಸುವ ಇಂಥ ಮಂಡಲಕ್ಕೆ ಎಂಟೇ ಎಂಟು ಪ್ರಶ್ನೆಗಳು ಸಾಕಾಗುತ್ತವೆ. ಐನೂರ ಎಂಬತ್ತೈದು ವರ್ಷಗಳಿಗೂ ಎಂಟು ಪ್ರಶ್ನೆಗಳಿಗೂ ನಡುವೆ ಇರುವುದೇ ಪರೀಕ್ಷಾವಿದ್ಯೆ. ಇದನ್ನು ಕೈಗಾರಿಕೆಯ ಕೊನೆಯಲ್ಲಿ ಕುಳಿತು ಮುದ್ರೆಯೊತ್ತುವ ಗುಮಾಸ್ತಿಕೆಯೆಂದು ತಿಳಿಯುವುದು ಅಜ್ಞಾನ.

ಮತ್ತೊಂದು ಮಾತು. ಆಧುನಿಕ ಚಿಪ್ಪಿನೊಳಗೆ ನೆನಪಿನ ಕೋಶಗಳು ಲಕ್ಷಗಟ್ಟಲೆ ಹುದುಗಿರುತ್ತವೆ. ಹೊರಗಿನ ಕಾಲುಗಳಾದರೋ ಕೆಲವು ನೂರು ಅಥವಾ ಸಾವಿರ. ಒಳಗಿನ ಸ್ಥಿತಿಯನ್ನು ಹೊರಗಿನಿಂದ ತಿಳಿಯುವ ಬಗೆಯೇನು? ಪರೀಕ್ಷೆಯ ಕಾಲದಲ್ಲಿ ಆ ಕೋಶಗಳೆಲ್ಲವೂ ಮಾಲೆಯಂತೆ ಒಂದಕ್ಕೊಂದು ಪೋಣಿಸಿಕೊಳ್ಳುವಂತೆ ಮಾಡಿ, ಒಂದು ತುದಿಯಿಂದ ಪ್ರಶ್ನೆಯನ್ನು ತಳ್ಳಿ ಇನ್ನೊಂದು ತುದಿಯಿಂದ ಉತ್ತರವನ್ನು ಎಳೆದುಕೊಳ್ಳುತ್ತಾರೆ. ಈ ಏರ್ಪಾಡಿಗೆ ಚಿಪ್ಪಿನಲ್ಲಿ ಸ್ವಲ್ಪ ಸ್ಥಳವು ಖರ್ಚಾಗುವುದರಿಂದ ರಚನಾಕಾರರು ಗೊಣಗುವುದುಂಟು. ಆದರೆ ರಚನೆಯ ಕಾಲದಲ್ಲಿಯೇ ಇದನ್ನು ಇರಿಸದಿದ್ದರೆ ಆಮೇಲೆ ಬ್ರಹ್ಮನು ಬಂದರೂ ಇರಿಸಲಾರನು. ಪರೀಕ್ಷಕನನ್ನು ಮೊದಲ ದಿನವೇ ರಚನಾಕಾರನ ಪಕ್ಕದಲ್ಲಿ ಕೂರಿಸಬೇಕೆಂದು ನಾವು ಹೇಳುವುದು ಈ ಕಾರಣದಿಂದ. ದೋಷವು ಚಿಪ್ಪಿನಲ್ಲಿಯೇ ಸಿಕ್ಕದೆ ಹಲಗೆಗೆ, ಹಲಗೆಯಿಂದ ಯಂತ್ರಕ್ಕೆ, ಯಂತ್ರದಿಂದ ಗಿರಾಕಿಯ ಮನೆಗೆ ದಾಟಿದಂತೆಲ್ಲ ಅದನ್ನು ಹಿಡಿಯುವ ಖರ್ಚು ಹತ್ತು ಹತ್ತು ಪಾಲು ಏರುವುದೆಂಬುದು ಈ ಕಸುಬಿನವರ ಹಳೆಯ ಮಾತು.

ಈಗ ಚಿಪ್ಪಿನ ಅಂಗಗಳು ನ್ಯಾನೋಮೀಟರಿನ ಅಳತೆಗೆ ಇಳಿದಿವೆ. ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಸಿಲಿಕಾನ್ ಸ್ಫಟಿಕದ ಒಂದು ಮೂಲಕೋಶದ ಅಳತೆಯೇ ಅರ್ಧ ನ್ಯಾನೋಮೀಟರಿಗಿಂತ ತುಸು ಹೆಚ್ಚಾಗಿರುವಲ್ಲಿ, ಕೆಲವೇ ನ್ಯಾನೋಮೀಟರಿನ ಅಂಗದಲ್ಲಿ ಪರಮಾಣುಗಳನ್ನು ಬೆರಳಿನಿಂದ ಎಣಿಸಿದಂತೆಯೇ ಸರಿ. (ವ್ಯಾಪಾರಿಗಳು ಹೇಳುವ 'ಮೂರು ನ್ಯಾನೋಮೀಟರು', 'ಎರಡು ನ್ಯಾನೋಮೀಟರು' ಎಂಬುವು ಈಗ ಅಳತೆಗಳಲ್ಲ, ಸರಕಿನ ಹೆಸರುಗಳು ಎಂಬುದನ್ನೂ ವಾಚಕರು ಗಮನಿಸಬೇಕು.) ಇಲ್ಲಿಯ ದೋಷವು ತಂತಿ ಕಡಿದಂತೆ ಸ್ಪಷ್ಟವಾಗಿರುವುದಿಲ್ಲ. ತಂತಿಯು ಅರೆಬರೆಯಾಗಿ ಕೂಡಿಕೊಂಡಿರುತ್ತದೆ. ಉತ್ತರವು ಸರಿಯಾಗಿಯೇ ಬರುತ್ತದೆ, ಆದರೆ ಒಂದು ಕ್ಷಣ ತಡವಾಗಿ. ಬಿಸಿಯಾದಾಗ ತಪ್ಪುತ್ತದೆ, ತಣ್ಣಗಿದ್ದಾಗ ತಪ್ಪುವುದಿಲ್ಲ. ವರ್ಷ ಕಳೆದ ಮೇಲೆ ಮುಪ್ಪಿನಿಂದ ತಪ್ಪತೊಡಗುತ್ತದೆ. ೨೦೨೧ರಲ್ಲಿ ಫೇಸ್‌ಬುಕ್ಕಿನ ಇಂಜಿನಿಯರರು ತಮ್ಮ ಗಣಕಭಂಡಾರದ ಒಂದು ಚಿಪ್ಪಿನ ಕಥೆಯನ್ನು ಪ್ರಕಟಿಸಿದರು. ೧.೧ ಎಂಬುದನ್ನು ೫೩ರ ಘಾತಕ್ಕೆ ಏರಿಸಿದರೆ ಪೂರ್ಣಾಂಕದಲ್ಲಿ ೧೫೬ ಬರಬೇಕು; ಆ ಚಿಪ್ಪಿನ ಒಂದು ಭಾಗವು ಸೊನ್ನೆಯೆಂದಿತು. ಗಂಟೆ ಬಾರಿಸಲಿಲ್ಲ, ದೀಪ ಆರಲಿಲ್ಲ. ಕಡತಗಳು ಮಾತ್ರ ಸದ್ದಿಲ್ಲದೆ ಮಾಯವಾದವು. ಅದೇ ವರ್ಷ ಗೂಗಲ್ಲಿನವರೂ ತಮ್ಮಲ್ಲಿ ಕೆಲವು ಸಾವಿರ ಯಂತ್ರಗಳಿಗೆ ಕೆಲವು ಇಂಥ ಚಂಚಲಸ್ವಭಾವದವು ಇವೆಯೆಂದು ಒಪ್ಪಿಕೊಂಡರು. ಇವು ಕಾರ್ಖಾನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದ ಚಿಪ್ಪುಗಳು ಎಂಬುದನ್ನು ನೆನಪಿನಲ್ಲಿಡಬೇಕು. ನಮ್ಮ ಖಜಾನೆ, ರೈಲ್ವೆ, ಭೂದಾಖಲೆ, ಆಸ್ಪತ್ರೆಗಳೆಲ್ಲವೂ ಇಂಥ ಯಂತ್ರಗಳ ಲೆಕ್ಕವನ್ನು ನಂಬಿ ನಡೆಯುತ್ತಿರುವಾಗ, ಸಂಶಯ ಬಂದ ಚಿಪ್ಪನ್ನು ಒರೆಗೆ ಹಚ್ಚಿ ನೋಡುವ ಸಾಮರ್ಥ್ಯವು ನಮ್ಮಲ್ಲಿ ಎಷ್ಟಿದೆ?

ಬುದ್ಧಿಯು ನಮ್ಮವರಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಪರೀಕ್ಷೆಯ ಪ್ರಶ್ನೆಗಳನ್ನು ಯಂತ್ರವೇ ಹುಡುಕಿ ತೆಗೆಯುವ 'ಪೋಡೆಮ್' ಎಂಬ ಪ್ರಸಿದ್ಧ ವಿಧಾನವನ್ನು ೧೯೮೧ರಲ್ಲಿ ಪ್ರಕಟಿಸಿದವರು ಆಗ ಐಬಿಎಂ ಕಂಪೆನಿಯಲ್ಲಿದ್ದ ಪ್ರಭು ಗೋಯೆಲ್ ಅವರು. ಜಗತ್ತಿನ ರಚನಾಕಾರರು ಇಂದಿಗೂ ಬಳಸುವ ವೆರಿಲಾಗ್ ಭಾಷೆಯು ಹುಟ್ಟಿದ್ದೂ ಅವರು ಆಮೇಲೆ ಸ್ಥಾಪಿಸಿದ ಕಂಪೆನಿಯಲ್ಲಿಯೇ. ಈ ವಿದ್ಯೆಗೆ ಪಠ್ಯಪುಸ್ತಕವೆಂದು ಎಲ್ಲೆಡೆಯೂ ಓದುವ ಗ್ರಂಥದ ಇಬ್ಬರು ಕರ್ತರಲ್ಲಿ ಒಬ್ಬರು ವಿಶ್ವಾನಿ ಅಗ್ರವಾಲರು. ಇಬ್ಬರೂ ನಮ್ಮ ದೇಶದಲ್ಲಿ ಹುಟ್ಟಿದವರು. ಇಬ್ಬರ ಕೆಲಸವೂ ಫಲಿಸಿದ್ದು ಅಮೆರಿಕದಲ್ಲಿ.

ಇನ್ನು ನಮ್ಮ ಬೆಂಗಳೂರಿನ ಮಾತಿಗೆ ಬರೋಣ. ೧೯೮೫ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯವರು ಇಲ್ಲಿ ರಚನಾಕೇಂದ್ರವನ್ನು ತೆರೆದಾಗ ಅವರ ಸಾಮಾನನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದರೆಂಬ ಮಾತು ಈಗಲೂ ಊರಿನಲ್ಲಿ ಕೇಳಿಬರುತ್ತದೆ. ಅಂದಿನಿಂದ ನಮ್ಮ ತರುಣರು ರಚಿಸಿದ ಚಿಪ್ಪುಗಳಿಗೆ ಲೆಕ್ಕವಿಲ್ಲ. ಅವುಗಳ ಒಡೆತನವು ಬಹುಪಾಲು ಹೊರಗಿನವರದು. ೨೦೨೧ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರದವರು ೭೬,೦೦೦ ಕೋಟಿ ರೂಪಾಯಿಗಳ ಯೋಜನೆಯನ್ನು ಸಾರಿದರು. ಅದರಂತೆ ೨೦೨೫ರ ಆಗಸ್ಟಿನವರೆಗೆ ಮಂಜೂರಾದ ಹತ್ತು ಕಾರ್ಖಾನೆಗಳು ಆರು ಪ್ರಾಂತಗಳಿಗೆ ಹಂಚಿಹೋದವು. ಆ ಆರರಲ್ಲಿ ಕರ್ನಾಟಕವಿಲ್ಲ. ಮೈಸೂರನ್ನೇ ಕೇಂದ್ರವಾಗಿ ಮಾಡಿಕೊಂಡಿರುವ ಕೇನ್ಸ್ ಕಂಪೆನಿಯವರು ಕೂಡ ಚಿಪ್ಪುಗಳನ್ನು ಕವಚಕ್ಕೇರಿಸಿ ಪರೀಕ್ಷಿಸುವ ತಮ್ಮ ಕಾರ್ಖಾನೆಯನ್ನು ಗುಜರಾತಿನ ಸಾಣಂದದಲ್ಲಿ ಕಟ್ಟಿದರು. ಗುಜರಾತಿನವರು ೨೦೨೨ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ನೀತಿಯನ್ನು ಹೊರಡಿಸಿ ಕಾದಿದ್ದರು. ಅವರ ಜಾಗರೂಕತೆಯನ್ನು ನಾವು ಮೆಚ್ಚುತ್ತೇವೆ. ಗುಜರಾತವೂ ಅಸ್ಸಾಮವೂ ನಮ್ಮವೇ. ನಮ್ಮ ಅಸಮಾಧಾನವು ನಮ್ಮ ಮನೆಯವರ ಮೇಲೆ.

ಹಾಗೆಂದು ಚಿಪ್ಪು ತಯಾರಿಸುವ ಮಹಾಕಾರ್ಖಾನೆಯೇ ಬೇಕೆಂದು ಹಟ ಹಿಡಿಯುವವರ ಗುಂಪಿಗೆ ನಾವು ಸೇರಿದವರಲ್ಲ. ಅಂಥ ಕಾರ್ಖಾನೆಯು ದಿನಕ್ಕೆ ಕುಡಿಯುವ ನೀರು ಅಪಾರ. ಕಾವೇರಿಯಿಂದ ಮೇಲೆತ್ತಿ ತಂದ ನೀರಿಗೆ ಬಿಂದಿಗೆ ಹಿಡಿದು ನಿಲ್ಲುವ ಬೆಂಗಳೂರಿಗೆ ಅದು ಒಪ್ಪುವಂಥದಲ್ಲ. ಪರೀಕ್ಷಾಲಯಕ್ಕೆ ನದಿ ಬೇಡ. ಯಂತ್ರ ಬೇಕು, ವಿದ್ಯುತ್ತು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನುರಿತ ಜನ ಬೇಕು. ಆ ಜನವು ಇಲ್ಲಿಯೇ ಇದೆ; ಪರೀಕ್ಷೆಯನ್ನೇ ವೃತ್ತಿಯಾಗಿ ನಡೆಸುವ ಖಾಸಗಿ ಸಂಸ್ಥೆಗಳೂ ಕೆಲವಿವೆ. ಸಣ್ಣ ಬಂಡವಾಳದಿಂದ ತಮ್ಮದೇ ಚಿಪ್ಪನ್ನು ರಚಿಸ ಹೊರಟ ತರುಣರಿಗೆ ಅವುಗಳ ದರವು ಎಟುಕುವುದೋ ಎಂಬುದೇ ಪ್ರಶ್ನೆ. ವಿನ್ಯಾಸದ ಸಾಧನಗಳನ್ನು ಕಾಲೇಜುಗಳಿಗೂ ಹೊಸ ಉದ್ಯಮಗಳಿಗೂ ಹಂಚುವ 'ಚಿಪ್‌ಇನ್' ಕೇಂದ್ರವನ್ನು ಕೇಂದ್ರ ಸರಕಾರದವರು ಬೆಂಗಳೂರಿನ ಸಿ-ಡ್ಯಾಕ್ ಸಂಸ್ಥೆಯಲ್ಲಿಯೇ ಇರಿಸಿದ್ದಾರೆ. ಟಾಟಾ ಮಹಾಶಯರ ವಿಜ್ಞಾನಮಂದಿರದಲ್ಲಿ ನ್ಯಾನೋವಿಜ್ಞಾನದ ಶ್ರೇಷ್ಠ ಕೇಂದ್ರವು ೨೦೧೦ರಿಂದ ನಡೆಯುತ್ತಿದೆ. ಇವೆರಡರ ನೆರೆಯಲ್ಲಿ, ಗಂಟೆಯ ಲೆಕ್ಕಕ್ಕೆ ಮಿತವಾದ ಶುಲ್ಕ ತೆತ್ತು ಯಾರು ಬೇಕಾದರೂ ತಮ್ಮ ಚಿಪ್ಪನ್ನು ಒರೆಗೆ ಹಚ್ಚಬಹುದಾದ ಸಾರ್ವಜನಿಕ ಪರೀಕ್ಷಾಲಯವನ್ನು ಪ್ರಾಂತ ಸರಕಾರವು ಏಕೆ ಕಟ್ಟಬಾರದು?

ಪರೀಕ್ಷೆಯು ಕೂಲಿಯ ಕೆಲಸ, ಅದರಿಂದ ಕೀರ್ತಿಯಿಲ್ಲವೆಂದು ಕೆಲವು ದೊಡ್ಡವರು ಹೇಳುವುದನ್ನು ಕೇಳಿದ್ದೇವೆ. ಮಲೇಷ್ಯಾದ ಪಿನಾಂಗಿನಲ್ಲಿ ೧೯೭೨ರಲ್ಲಿ ಇಂಟೆಲ್ಲಿನವರು ಜೋಡಣೆಯ ಕಾರ್ಖಾನೆಯನ್ನು ತೆರೆದಾಗಲೂ ಇದೇ ಮಾತು ಹುಟ್ಟಬಹುದಾಗಿತ್ತು. ಇಂದು ಜಗತ್ತಿನ ಚಿಪ್ಪುಗಳ ಜೋಡಣೆ, ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು ೧೩ ಪಾಲು ತಮ್ಮದೆಂದು ಆ ದೇಶದವರು ಹೇಳಿಕೊಳ್ಳುತ್ತಾರೆ. ಪರೀಕ್ಷಿಸುವವನಿಗೆ ಯಾವ ರಚನೆಯು ಎಲ್ಲಿ ಸೋಲುವುದೆಂಬುದು ಮೊದಲು ತಿಳಿಯುತ್ತದೆ. ಆ ತಿಳಿವಿನಿಂದಲೇ ಮುಂದಿನ ರಚನೆ ಉತ್ತಮವಾಗುವುದು. ಅದನ್ನು ಹೊರಗೆ ಬಿಟ್ಟುಕೊಡುವುದೆಂದರೆ ಅರ್ಧ ವಿದ್ಯೆಯನ್ನು ಬಿಟ್ಟುಕೊಟ್ಟಂತೆ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ವಿದ್ಯೆಯು ಬಹುಮಟ್ಟಿಗೆ ಐಚ್ಛಿಕ ವಿಷಯವಾಗಿಯೇ ಉಳಿದಿದೆ; ಉಪಾಧ್ಯಾಯರು ದೊರೆತ ವರ್ಷ ಉಂಟು, ದೊರೆಯದ ವರ್ಷ ಇಲ್ಲ. ೮೫,೦೦೦ ಮಂದಿಯನ್ನು ಚಿಪ್ ರಚನೆಯಲ್ಲಿ ತರಬೇತುಗೊಳಿಸುವ ಸಂಕಲ್ಪವನ್ನು ಕೇಂದ್ರ ಸರಕಾರದವರು ಮಾಡಿದ್ದಾರೆ. ವಿದ್ಯಾರ್ಥಿಗಳ ರಚನೆಗಳನ್ನು ಮೊಹಾಲಿಯಲ್ಲಿ ತಯಾರಿಸಿ ಕಳುಹಿಸಿಕೊಡುವ ಏರ್ಪಾಡೂ ಇದೆ. ಹಾಗೆ ಬಂದ ಚಿಪ್ಪನ್ನು ಕಾಲೇಜಿನವರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅತಿಥಿಗಳಿಗೆ ತೋರಿಸುವರೋ, ಪರೀಕ್ಷಾಯಂತ್ರದ ಮೇಲಿಟ್ಟು ಪ್ರಶ್ನಿಸುವರೋ? ಎಂಬತ್ತೈದು ಸಾವಿರದಲ್ಲಿ ಹತ್ತು ಸಾವಿರವಾದರೂ ಪರೀಕ್ಷಾವಿದ್ಯೆಗೆ ಮೀಸಲಾಗಲಿ; ವಿಶ್ವೇಶ್ವರಯ್ಯ ವಿಶ್ವವಿದ್ಯಾಲಯದವರು ಈ ವಿಷಯವನ್ನು ಕಡ್ಡಾಯದ ಪಟ್ಟಿಗೆ ಸೇರಿಸಲಿ. ಸರಕಾರದ ಇಲಾಖೆಗಳು ಯಂತ್ರಗಳನ್ನು ಕೊಳ್ಳುವಾಗ ಚಿಪ್ಪುಗಳ ಪರೀಕ್ಷಾಪತ್ರವನ್ನು ಕೇಳಿ ಓದುವ ಪದ್ಧತಿಯನ್ನೂ ಹಾಕಿಕೊಳ್ಳಲಿ.

ಪರೀಕ್ಷಾಲಯಕ್ಕಾಗಿ ಪ್ರಾಂತದ ಮುಂದಿನ ಆಯವ್ಯಯದಲ್ಲಿ ಒಂದು ಬಾಬನ್ನು ತೆರೆಯಬೇಕೆಂದು ಕೈಗಾರಿಕಾ ಇಲಾಖೆಯವರನ್ನು ಕೇಳಿಕೊಳ್ಳುತ್ತೇವೆ. ಯಂತ್ರವು ಬಂದಿಳಿದ ದಿನ ಉದ್ಘಾಟನೆಗೆ ಮಂತ್ರಿಗಳನ್ನು ಕರೆಯುವುದಕ್ಕೆ ಮುಂಚೆ, ಅದನ್ನು ನಡೆಯಿಸಬಲ್ಲ ನಾಲ್ವರನ್ನು ಖಾಯಂ ಹುದ್ದೆಗಳಲ್ಲಿ ನೇಮಿಸಿಕೊಂಡಿರಲಿ.