ಬೀದಿಯ ಚೆಲುವೂ ಮನೆಯ ಬಿಸುಪೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅವರು ಇಂಗ್ಲೆಂಡಿನ ಬಾತ್ ನಗರದಲ್ಲಿ ಹುಟ್ಟಿದ್ದರೆ, ‘ಹಳೆಯ ಮನೆಯ ಕಿಟಕಿ ಬದಲಾಯಿಸಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೋ ಏನೋ! ಅಲ್ಲಿ ಕೈಯಲ್ಲಿ ಹಣವಿದ್ದರೆ ಸಾಲದು. ಒಳ್ಳೆಯ ಬಡಗಿ ದೊರೆತರೂ ಸಾಲದು. ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ ಮನೆಯಾದರೆ, ಅನುಮತಿಯಿಲ್ಲದೆ ಅದರ ಸ್ವರೂಪವನ್ನು ಮಾರ್ಪಡಿಸುವುದು ದಂಡಾರ್ಹ ಅಪರಾಧ.

ಬಾತ್ ಎಂದರೆ ಸ್ನಾನ. ಬಿಸಿನೀರಿನ ಬುಗ್ಗೆಗಳ ಸುತ್ತ ರೋಮನರು ಕಟ್ಟಿದ ಸ್ನಾನಗೃಹಗಳಿಂದಲೇ ಊರಿಗೆ ಆ ಹೆಸರು. 18ನೆಯ ಶತಮಾನದಲ್ಲಿ ಜಾನ್ ವುಡ್ ಎಂಬ ಒಂದೇ ಹೆಸರಿನ ತಂದೆ ಮಕ್ಕಳಿಬ್ಬರು ಜೇನುಬಣ್ಣದ ಕಲ್ಲಿನಿಂದ ಅದಕ್ಕೆ ಹೊಸ ಚೆಲುವನ್ನು ಕೊಟ್ಟರು. ಮಗನು 1767ರಿಂದ 1774ರವರೆಗೆ ಕಟ್ಟಿಸಿದ ರಾಯಲ್ ಕ್ರೆಸೆಂಟ್, ಬಾಲಚಂದ್ರನಂತೆ ಬಾಗಿ ನಿಂತ 30 ಮನೆಗಳ ಸಾಲು. 1987ರಲ್ಲಿ ಇಡೀ ನಗರವೇ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು.

ಆದರೆ ಚೆಲುವಿಗೂ ಬಿಸುಪಿಗೂ ನಂಟಿಲ್ಲ. ಒಂಟಿ ಗಾಜಿನ ಕಿಟಕಿಗಳು, ಸಂದುಬಿಟ್ಟ ಹಲಗೆಗಳ ನೆಲ, ಎತ್ತರದ ಛಾವಣಿ. ಇವುಗಳ ಮೂಲಕ ಮನೆಯ ಶಾಖವೆಲ್ಲ ಹೊರಗೆ ಸೋರಿಹೋಗುತ್ತದೆ. 2022ರಲ್ಲಿ ಬ್ರಿಟನ್ನಿನಲ್ಲಿ ಅನಿಲದ ಬೆಲೆ ಗಗನಕ್ಕೇರಿದಾಗ, ಈ ಸೋರಿಕೆಯ ಬಿಸಿ ಮನೆಯೊಡೆಯರಿಗೆ ತಟ್ಟಿತು. ಉರಿಸುವ ಇಂಧನವನ್ನು ಕಡಿಮೆ ಮಾಡದಿದ್ದರೆ ಭೂಮಂಡಲಕ್ಕೇ ಕೇಡೆಂಬ ಎಚ್ಚರಿಕೆಯಂತೂ ಇದ್ದೇ ಇದೆ.

ಹಾಗಾದರೆ ನಿರ್ಬಂಧವೇಕೆ? ಯುದ್ಧಾನಂತರದ ಪುನರ್ನಿರ್ಮಾಣದ ಭರಾಟೆಯಲ್ಲಿ ಆ ದೇಶದ ಎಷ್ಟೋ ಹಳೆಯ ಬೀದಿಗಳು ನೆಲಸಮವಾದುವು. ಒಂದೊಂದು ಸ್ಮಾರಕವನ್ನು ಮಾತ್ರ ಉಳಿಸಿದರೆ ಸಾಲದು, ಇಡೀ ಬೀದಿಯ ಸೊಬಗನ್ನೇ ಕಾಯಬೇಕೆಂದು 1967ರಲ್ಲಿ ಒಂದು ಶಾಸನ ಬಂದಿತು. ಆ ವರ್ಷವೇ ಸ್ಟ್ಯಾಮ್‌ಫರ್ಡ್ ಪಟ್ಟಣದಲ್ಲಿ ಮೊದಲ ಸಂರಕ್ಷಣಾ ವಲಯ ಏರ್ಪಟ್ಟಿತು. ಇಂದು ಇಂಗ್ಲೆಂಡೊಂದರಲ್ಲೇ ಅಂಥ ವಲಯಗಳು ಸುಮಾರು 10,000. ಒಬ್ಬನು ಪ್ಲಾಸ್ಟಿಕ್ ಕಿಟಕಿ ಹಾಕಿಸಿದರೆ ಬೀದಿ ಕೆಡದು. ಎಲ್ಲರೂ ಹಾಕಿಸಿದರೆ ಬೀದಿಯೇ ಉಳಿಯದು. ಶಾಸನದ ತಿರುಳು ಇಷ್ಟೇ.

ಎರಡು ಪಕ್ಷಗಳ ಮಾತೂ ನ್ಯಾಯವಾದುದೇ. ಆದರೆ ವಿವೇಚಿಸಿ ನೋಡಿದರೆ, ಜಗಳದ ಹರಹು ತೋರುವಷ್ಟು ದೊಡ್ಡದಲ್ಲ. ಬೀದಿಯ ಶಾಸನ ಕಾಯುವುದು ಕಣ್ಣಿಗೆ ಕಾಣುವುದನ್ನು. ಶಾಖ ಸೋರುವುದಾದರೋ ಬಹುಮಟ್ಟಿಗೆ ಕಾಣದ ಎಡೆಗಳಲ್ಲಿ. ಪಟ್ಟಿಗೆ ಸೇರದ ಮನೆಯ ಅಟ್ಟದಲ್ಲಿ ಉಣ್ಣೆಯ ಹಾಸು ಹಾಸಿದರೆ ಕೇಳುವವರಿಲ್ಲ. ಹಳೆಯ ಕಿಟಕಿಯನ್ನು ಹಾಗೆಯೇ ಉಳಿಸಿ ಒಳಬದಿಗೆ ಇನ್ನೊಂದು ಗಾಜನ್ನು ಕೂರಿಸಿದರೆ ಅದರ ಮೂಲಕ ಸೋರುವ ಶಾಖ ಅರ್ಧಕ್ಕಿಂತ ಹೆಚ್ಚು ತಗ್ಗಬಲ್ಲುದು. ಮರದ ಕದ, ದಪ್ಪನೆಯ ಪರದೆಗಳೂ ಉಪಕಾರಿಗಳೇ. ವಲಯದೊಳಗಿನ ಸಾಮಾನ್ಯ ಮನೆಯ ಮಾಡಿನ ಮೇಲೆ ಸೌರಫಲಕ ಇಡಲು ಸಾಮಾನ್ಯವಾಗಿ ಪ್ರತ್ಯೇಕ ಅನುಮತಿ ಬೇಡ. ಬೀದಿಗೆ ಮುಖಮಾಡಿದ ಗೋಡೆಗೆ ತಗುಲಿಸುವುದಾದರೆ ಬೇಕು.

ಪಟ್ಟಿಯ ಮನೆಗಳ ಪಾಡು ಕಷ್ಟದ್ದು. ಅವುಗಳ ಒಳಭಾಗಕ್ಕೂ ಕಾನೂನಿನ ಕಾವಲುಂಟು. ಅಲ್ಲಿಯೂ ದಾರಿ ತೆರೆಯುತ್ತಿದೆ. 2022ರಲ್ಲಿ ಲಂಡನ್ನಿನ ಕೆನ್ಸಿಂಗ್ಟನ್–ಚೆಲ್ಸಿ ಪೌರಾಡಳಿತವು ಅಂಥ ಬಹುಪಾಲು ಮನೆಗಳ ಮೇಲೆ ಷರತ್ತುಗಳಿಗೊಳಪಟ್ಟು ಸೌರಫಲಕ ಇಡಲು ಒಂದೇ ಆದೇಶದಿಂದ ಒಪ್ಪಿಗೆ ಕೊಟ್ಟಿತು. ಬಾತ್ ನಗರದ ಪ್ರಾಚೀನ ಅಬ್ಬೆ ಚರ್ಚಿನ ನೆಲ 2021ರಿಂದ ಬೆಚ್ಚಗಾಗುತ್ತಿರುವುದು ರೋಮನರ ಕಾಲುವೆಯಲ್ಲಿ ಹರಿದುಹೋಗುತ್ತಿದ್ದ ಬುಗ್ಗೆಯ ನೀರಿನ ಶಾಖದಿಂದ!

ಆತುರವೂ ಸಲ್ಲದು. ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಗಾಳಿಯಾಡದ ಹೊದಿಕೆಯಿಂದ ಅದನ್ನು ಬಿಗಿದರೆ ತೇವ ಒಳಗೇ ನಿಂತು ತೊಲೆಗಳು ಕೊಳೆಯುತ್ತವೆ. ಬೆಚ್ಚಗಾಗಲು ಹೋಗಿ ಮನೆಯನ್ನೇ ಕಳೆದುಕೊಂಡಂತಾದೀತು.

ನಮಗೂ ಇದು ದೂರದ ಸುದ್ದಿಯಲ್ಲ. ಶ್ರೀರಂಗಪಟ್ಟಣ, ವಿಜಯಪುರಗಳಲ್ಲಿ ಕೇಂದ್ರದ ರಕ್ಷಣೆಯ ಸ್ಮಾರಕಗಳ ನೆರೆಯಲ್ಲಿ ಬಾಳುವವರು ಇಂಥ ಕಾವಲನ್ನು ಬಲ್ಲರು. ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಅಗತ್ಯ ಎನ್ನುತ್ತದೆ 2010ರ ತಿದ್ದುಪಡಿ. ಅವರದು ಚಳಿಯ ಚಿಂತೆ, ನಮ್ಮದು ಸೆಕೆಯದು, ಪ್ರಶ್ನೆ ಒಂದೇ.

ಉಳಿಯುವ ಕಗ್ಗಂಟು ಹಣದ್ದು. ಹಳೆಯ ಮಾದರಿಯ ಮರದ ಕಿಟಕಿಗೆ ಪ್ಲಾಸ್ಟಿಕ್ಕಿಗಿಂತ ಹೆಚ್ಚು ಬೆಲೆ. ಬೀದಿಯ ಚೆಲುವನ್ನು ಸವಿಯುವವರು ಸಾವಿರ ಮಂದಿ. ಅದರ ಚಳಿಯನ್ನು ಉಣ್ಣುವವರು ಒಳಗಿನ ನಾಲ್ವರು. ಸಾವಿರ ಮಂದಿಯ ಸಂತೋಷಕ್ಕಾಗಿ ಕಟ್ಟಳೆ ವಿಧಿಸುವ ಸರಕಾರ ಆ ನಾಲ್ವರ ವೆಚ್ಚದಲ್ಲಿಯೂ ಪಾಲುಗೊಳ್ಳಬೇಕಾದುದು ಧರ್ಮ.

ರಾಯಲ್ ಕ್ರೆಸೆಂಟಿನ ಕಥೆಯಲ್ಲೇ ಒಂದು ಪಾಠವುಂಟು. ಜಾನ್ ವುಡ್ ವಿಧಿಸಿದ್ದು ಮುಂಭಾಗದ ಒಂದೇ ರೂಪವನ್ನು; ಹಿಂದೆ ಪ್ರತಿಯೊಬ್ಬನೂ ತನಗೆ ಬೇಕಾದಂತೆ ಕಟ್ಟಿಕೊಂಡನು. ಮುಂಬದಿಯಿಂದ ನೋಡಿದರೆ ಒಂದೇ ಅರಮನೆ. ಹಿಂಬದಿಯಿಂದ ನೋಡಿದರೆ ಒಂದರಂತೆ ಒಂದಿಲ್ಲದ ಮನೆಗಳು. ಮುಖ ಬೀದಿಯದು, ಒಡಲು ಮನೆಯವರದು ಎಂಬ ಆ ಹಳೆಯ ಒಪ್ಪಂದವನ್ನು ಇಂದಿನ ಶಾಸನಕಾರರೂ ಮನೆಯೊಡೆಯರೂ ಮತ್ತೊಮ್ಮೆ ಓದಿಕೊಳ್ಳುವುದು ಒಳ್ಳೆಯದು.